ಇಲ್ಲ ಅನ್ನುವ ಪಾಳಿ

ನನಗೊಂದು ಕೆಟ್ಟ ಚಾಳಿ ಇದೆ. ಯಾರಿಗೆ ಏನು ಹೇಳಿದರೂ ಕೊನೆಗೆ ‘ತಿಳೀತಾ?’ ಎಂದು ಕೇಳಿ, ಉತ್ತರ ಬರುವ ತನಕ ಅಲ್ಲೇ ನಿಂತುಬಿಡುತ್ತೇನೆ. ಹೈದರಾಬಾದಿನ ಮೆಹದಿಪಟ್ಟಣಂ ಬಜಾರಿನಲ್ಲಿ ಬೆಂಡೆಕಾಯಿ ಮಾರುವಾಕೆಗೆ ಎಳೆಯದನ್ನು ಆರಿಸಿ ಹಾಕು ಎಂದು ಹೇಳಿ, ‘ಅರ್ಥಮೈಂದಾ?’ ಎಂದು ಮುಖ ನೋಡುತ್ತ ನಿಂತರೆ ಆಕೆ, “ಬೆಂಡಕಾಯಲೇ ಕದಮ್ಮಾ, ಇಂದುಲೋ ಅರ್ಥಂ ಕಾನಿದಿ ಏಮುಂದಿ?” ಎಂದು ತಕ್ಕಡಿ ಎತ್ತುತ್ತಾಳೆ. ಬೆಂಡೆಕಾಯಿಯಲ್ಲಿ ತಿಳಿಯದೇ ಇರುವಂಥದ್ದು ಏನಿದೆ, ಆಕೆಯ ಮಾತೂ ನಿಜವೇ. ಮನೆಯಲ್ಲಿ ನಮ್ಮ ಯಜಮಾನರಿಗೆ ಕುಕ್ಕರು ಕೂಗಿದ ಮೇಲೆ ಗ್ಯಾಸ್ ಆರಿಸಲು ಹೇಳಿ ಹೀಗೇ ನಿಂತರೆ, “ತಿಳೀತವ್ವಾ, ತಿಳೀತು. ಬರದು ಸಹೀ ಮಾಡಿ ಕೊಡ್ಲೇನು?” ಎನ್ನುತ್ತಾರೆ.

ನಿವೃತ್ತಿಯಾದ ಮೇಲಾದರೂ ಈ ಚಾಳಿ ಬಿಟ್ಟು ಹೋಗಬಹುದೆಂದುಕೊಂಡಿದ್ದೆ. ಹೋಗಲಿಲ್ಲ. ಅದರ ಫಲವಾಗಿಯೇ ಈಗ ಬೆಳಗಿನ ಅಡುಗೆಯ ಹೊತ್ತಿಗೆ ಸರಿಯಾಗಿ ನನ್ನ ಫೋನು ಬಡಿದುಕೊಳ್ಳುತ್ತದೆ. ಆ ಫೋನಿನ ಕತೆಯನ್ನೇ ಹೇಳಹೊರಟಿದ್ದೇನೆ. ಸ್ವಲ್ಪ ಸುತ್ತುಬಳಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಜೀವಮಾನವೆಲ್ಲ ಗಂಟೆ ಬಾರಿಸುವುದರೊಳಗೆ ಮುಗಿಸಬೇಕೆಂದು ಓಡಿ ಓಡಿ ಸಾಕಾಗಿದೆ.

ಚಾಳಿ ಅಂಟಿದ್ದು ದೇಸಾಯಿ ಮಾಸ್ತರರಿಂದ. ನಮ್ಮಪ್ಪ ಕಲಬುರಗಿ ಕಡೆಯವರು, ಸರಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದವರು ಇಲ್ಲೇ ಉಳಿದರು. ನಾನು ಓದಿದ್ದು ಇಲ್ಲಿಯ ಒಂದು ಸಣ್ಣ ಕನ್ನಡ ಶಾಲೆಯಲ್ಲಿ. ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಹೀಗಾಗಿ ನಮಗೆ ಮೂರು ಭಾಷೆಗಳಲ್ಲೂ ಸಲೀಸಾಗಿ ಬೈಸಿಕೊಳ್ಳಲು ಬರುತ್ತಿತ್ತು. ದೇಸಾಯಿ ಮಾಸ್ತರರು ಮಾತ್ರ ಬೈಯುತ್ತಿರಲಿಲ್ಲ. ಅವರು ನಮಗೆ ಗಣಿತ ಕಲಿಸುತ್ತಿದ್ದರು. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಮುಗಿಸಿದವರೇ ಕೆಳಗಿಳಿದು ಬಂದು, “ಅತ್ಲಾಗ ಸರೀರಿ” ಎಂದು ಮುಂದಿನ ಬೆಂಚಿನವರನ್ನು ಒತ್ತರಿಸಿ ನಮ್ಮ ಜೊತೆಗೇ ಕೂತುಬಿಡುವರು. ತಾವೇ ಬರೆದದ್ದನ್ನು ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡುವರು. “ತಿಳೀತೇನು?” ಎಂದು ಕೇಳುವರು. ನಾವೆಲ್ಲ ಒಂದೇ ಉಸಿರಿಗೆ ಹೂಂ ಎನ್ನುತ್ತಿದ್ದೆವು.

“ಈ ಹೂಂ ಒಳಗ ಅರ್ಧಕ್ಕರ್ಧ ಸುಳ್ಳದಾವ,” ಎಂದರು ಒಂದು ದಿನ. “ತಿಳಿಲಿಲ್ಲ ಅನ್ನಾಕ ನಿಮಗ ನಾಚಿಕಿ. ಹಂಗಾರ ಪಾಳಿ ಹಚ್ಚೋಣು.”

ಅಂದಿನಿಂದ ದಿನಕ್ಕೊಬ್ಬರಿಗೆ ‘ಇಲ್ಲ’ ಅನ್ನುವ ಪಾಳಿ. ಪಾಳಿ ಬಂದವರಿಗೆ ಲೆಕ್ಕ ತಿಳಿದಿರಲಿ ಬಿಡಲಿ, ಪಾಠದ ನಡುವೆ ಒಮ್ಮೆ ಎದ್ದು ನಿಂತು “ತಿಳಿಲಿಲ್ರೀ ಸರ್” ಎನ್ನಲೇಬೇಕು. ಅಂದ ಕೂಡಲೇ ಮಾಸ್ತರರು ಮೊದಲಿನಿಂದ ಹೇಳಿಕೊಡುವರು. ನಿಜವಾಗಿಯೂ ತಿಳಿಯದವರು ಹಿಂದಿನಿಂದ “ಈಗ ಏಳಲೇ, ಈಗ ಅನ್ನು” ಎಂದು ಪಾಳಿಯವರ ಬೆನ್ನು ತಿವಿಯುತ್ತಿದ್ದರು. ಯಾರ ಮರ್ಯಾದೆಗೂ ಧಕ್ಕೆ ಇರಲಿಲ್ಲ. ಎಲ್ಲದರಲ್ಲೂ ಮೊದಲಿಗನಾದ ವೆಂಕಟೇಶ ತನ್ನ ಪಾಳಿಯ ದಿನ ಹಲ್ಲು ಕೀಳಿಸಿಕೊಳ್ಳುವವನಂತೆ ಎದ್ದು ನಿಲ್ಲುತ್ತಿದ್ದ. ನಾನೋ, ಹಿಂದಿನ ದಿನವೇ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬರುತ್ತಿದ್ದೆ. ಹಣೆಗೆ ಕೈ ಹಚ್ಚಿ, ನಿಟ್ಟುಸಿರು ಬಿಟ್ಟು, ನಾಟಕದ ದುಃಖಿ ನಾಯಕಿಯ ಹಾಗೆ “ತಿಳಿಲಿಲ್ರೀ” ಎಂದರೆ ಮಾಸ್ತರರು, “ಇಷ್ಟ್ಯಾಕ ಸಂಕಟ, ಬರೇ ಭಿನ್ನರಾಶಿ ಐತಿ” ಎಂದು ನಗುತ್ತಿದ್ದರು.

ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನ ನನ್ನದೇ ಪಾಳಿ ಇತ್ತು. ಅವರು ಹಿಂದಿನ ಕುರ್ಚಿಯಲ್ಲಿ ಕೂತು ಪಾಠ ಕೇಳಿ, “ಮಕ್ಕಳೇ, ಎಲ್ಲರಿಗೂ ತಿಳೀತೇ?” ಎಂದರು. ಹೆಡ್ಮಾಸ್ತರರು ಬಾಗಿಲಲ್ಲಿ ನಿಂತು ಕಣ್ಣಲ್ಲೇ ಹೂಂ ಅನ್ನಿ ಎಂದು ಸನ್ನೆ ಮಾಡುತ್ತಿದ್ದರು. ಪಾಳಿ ಅಂದರೆ ಪಾಳಿ. ನಾನು ಎದ್ದು ತಿಳಿಲಿಲ್ರೀ ಎಂದೆ. ದೇಸಾಯಿ ಮಾಸ್ತರರು ಸಿಟ್ಟಾಗಲಿಲ್ಲ. ಸೀಮೆಸುಣ್ಣವನ್ನು ಇನ್ಸ್‌ಪೆಕ್ಟರ ಕಡೆ ಚಾಚಿ, “ಸಾಹೇಬ್ರ, ನನ್ನ ಕೈಲೆ ಆಗಲಿಲ್ಲ. ನೀವರೆ ಒಂದಿಷ್ಟು ಹೇಳ್ರಿ” ಎಂದರು. ಪಾಪ, ಅವರು ಕೋಟು ಬಿಚ್ಚಿಟ್ಟು ಹೇಳಿದರು. ಹೇಳುತ್ತ ಹೇಳುತ್ತ ಬೆವೆತು ಹೋದರು.

ಮುಂದೆ ನಾನೂ ಗಣಿತದ ಟೀಚರ್ ಆದೆ, ಮೆಹದಿಪಟ್ಟಣಂ ಹತ್ತಿರದ ಒಂದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ. ಮಾಸ್ತರರ ಪಾಳಿಯನ್ನು ಜೊತೆಗೆ ಕೊಂಡೊಯ್ದೆ. ಮಕ್ಕಳು ಅದಕ್ಕೆ ‘ನೋ ಡ್ಯೂಟಿ’ ಎಂದು ಹೆಸರಿಟ್ಟರು. ವರ್ಷ ವರ್ಷವೂ ಅದೇ ಪಾಠ, ಅದೇ ಇಲ್ಲ, ಮತ್ತೆ ಮೊದಲಿನಿಂದ. ಗಂಟಲು ಹೋಯಿತು, ಮೊಣಕಾಲು ಹೋಯಿತು, ಸುಣ್ಣದ ಪುಡಿಗೆ ಕೆಮ್ಮು ಬಂತು. ಆದರೂ ಆ ಒಂದು ‘ಇಲ್ಲ’ ಕೇಳದಿದ್ದರೆ ಆವತ್ತು ಪಾಠ ಮಾಡಿದ ಹಾಗೇ ಅನಿಸುತ್ತಿರಲಿಲ್ಲ.

ಆಮೇಲೆ ಗೋಡೆಗೆ ಪ್ಯಾನೆಲ್ ಬಂತು. ಮದುವೆ ಮನೆಯ ಊಟದ ಟೇಬಲ್ಲಿನಷ್ಟು ದೊಡ್ಡ ಟಿವಿ, ಬೆರಳಿನಲ್ಲೇ ಅದರ ಮೇಲೆ ಬರೆಯಬೇಕು. ನಮಗೆ ತರಬೇತಿ ಕೊಡಲು ಕೊಂಡಾಪುರದಲ್ಲಿರುವ ಶಾಲೆಯ ಹೆಡ್ ಆಫೀಸಿನಿಂದ ಕೋಆರ್ಡಿನೇಟರು ಬಂದರು, ನನ್ನ ಹಳೆಯ ವಿದ್ಯಾರ್ಥಿಗಳಿಗಿಂತಲೂ ಚಿಕ್ಕ ವಯಸ್ಸಿನವರು. ಇಡೀ ಮಧ್ಯಾಹ್ನ ಅದನ್ನು ತೋರಿಸಿ ಇದನ್ನು ಒತ್ತಿ, “ಆಲ್ ಕ್ಲಿಯರ್?” ಎಂದರು. ನಾವೆಲ್ಲ ಟೀಚರುಗಳು “ಯೆಸ್ ಸರ್” ಎಂದೆವು. ಯಾರಿಗೂ ಒಂದಕ್ಷರ ತಿಳಿದಿರಲಿಲ್ಲ. ನಮ್ಮಲ್ಲಿ ಪಾಳಿ ಹಚ್ಚಿರಲಿಲ್ಲ ನೋಡಿ. ಮರುದಿನ ನಾನು ಪ್ಯಾನೆಲ್ ಮೇಲೆ ಬರೆದ ತಪ್ಪನ್ನು ಅಭ್ಯಾಸಬಲದಿಂದ ಸೆರಗಿನಲ್ಲಿ ಒರೆಸಲು ಹೋದರೆ, ಇಡೀ ಪಾಠವೇ ಮಾಯವಾಗಿ ಸೌರಮಂಡಲ ತಿರುಗತೊಡಗಿತು. ಮಕ್ಕಳು ಚಪ್ಪಾಳೆ ಹೊಡೆದರು.

ಸುಳ್ಳು ಯಾಕೆ ಹೇಳಲಿ, ಪ್ಯಾನೆಲ್ ಒಳ್ಳೆಯದೇ. ವೃತ್ತ ಎಳೆದರೆ ವೃತ್ತದ ಹಾಗೆಯೇ ಬರುತ್ತಿತ್ತು, ನಾನೆಳೆದ ಸೊಟ್ಟ ಕುಂಬಳಕಾಯಿಗಳ ಹಾಗಲ್ಲ. ಕೆಮ್ಮೂ ಕಡಿಮೆಯಾಯಿತು. ನನ್ನ ತಕರಾರು ಶುರುವಾದದ್ದು ಆಮೇಲೆ.

ನಮ್ಮ ಶಾಲೆಯವರದೇ ಇನ್ನೊಂದು ಸಣ್ಣ ಶಾಖೆ ಸನತ್‌ನಗರದಲ್ಲಿದೆ. ಅಲ್ಲಿಗೆ ಬರುವವರೆಲ್ಲ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು. ಅಲ್ಲಿಯ ಗಣಿತದ ಟೀಚರ್ ಕೆಲಸ ಬಿಟ್ಟು ಹೋದರು. ಹೊಸಬರು ಸಿಗಲಿಲ್ಲ, ಅಥವಾ ಯಾರೂ ಹುಡುಕಲಿಲ್ಲ. ಕೋಆರ್ಡಿನೇಟರು ನನ್ನನ್ನು ಕರೆದು, “ಮೇಡಂ, ಏಳನೇ ಕ್ಲಾಸಿನ ಪಾಠ ಎಲ್ಲಾ ನಿಮ್ಮದು ರೆಕಾರ್ಡ್ ಮಾಡೋಣ. ಸನತ್‌ನಗರಕ್ಕೂ ನೀವೇ ಟೀಚರ್. ನೀವು ರಿಟೈರ್ ಆದಮೇಲೂ ನೀವೇ” ಎಂದರು. ನಾನು ಉಬ್ಬಿ ಹೋದೆ. ಆ ದಿನ ಮನೆಗೆ ಬರುತ್ತ ಜಿಲೇಬಿ ಕೂಡ ಕಟ್ಟಿಸಿಕೊಂಡು ಬಂದೆ.

ರೆಕಾರ್ಡಿಂಗು ಕೊಂಡಾಪುರದ ಒಂದು ಗಾಜಿನ ಕಟ್ಟಡದಲ್ಲಿ. ಮೂಳೆ ಕೊರೆಯುವ ಎಸಿ, ಹಿಂದೆ ಹಸಿರು ಪರದೆ, ಸೆರಗಿಗೆ ಸಿಕ್ಕಿಸಿದ ಪುಟ್ಟ ಮೈಕು. ಎದುರಿಗೆ ಕ್ಯಾಮೆರಾ, ಅದರ ಹಿಂದೆ ನರೇಶ್ ಎಂಬ ಹುಡುಗ. ಚಿತ್ರ ತೆಗೆಯುವವನೂ ಕತ್ತರಿಸಿ ಜೋಡಿಸುವವನೂ ಅವನೇ. ಭಿನ್ನರಾಶಿಯ ಭಾಗಾಕಾರ ಹೇಳಿ ಮುಗಿಸಿ ‘ತಿಳೀತಾ?’ ಎಂದು ಇಂಗ್ಲಿಷು, ತೆಲುಗು, ಹಿಂದಿ ಮೂರರಲ್ಲೂ ಕೇಳಿ ಸುಮ್ಮನಾದೆ. ನರೇಶ್ ಸ್ವಲ್ಪ ಹೊತ್ತು ನೋಡಿ ಕ್ಯಾಮೆರಾದ ಹಿಂದಿನಿಂದ ತಲೆ ಹೊರಹಾಕಿದ.

“ಮೇಡಂ, ಡೈಲಾಗ್ ಮರ್ಚಿಪೋಯಾರಾ?”

“ಮರೆತಿಲ್ಲಪ್ಪ, ಅವರು ಹೇಳಲಿ ಅಂತ ಕಾಯ್ತಾ ಇದ್ದೀನಿ.”

“ಎವರು ಮೇಡಂ?” ಎಂದು ಅವನು ಯಾರಿದ್ದಾರೆಂದು ಖಾಲಿ ಕೋಣೆಯನ್ನು ಸುತ್ತಲೂ ನೋಡಿದ.

ನನಗೂ ನಗು ಬಂತು. ಆದರೆ ಕಾಯದೆ ಮುಂದೆ ಹೋಗಲು ಬಾಯಿಯೇ ಬರಲಿಲ್ಲ. ಕೊನೆಗೆ ಕೋಆರ್ಡಿನೇಟರು ಒಂದು ಉಪಾಯ ಹೇಳಿದರು. ಪ್ರಶ್ನೆ ಕೇಳಿ, ಒಂದು ಗಳಿಗೆ ನಿಂತು, ನಕ್ಕು, “ವೆರಿ ಗುಡ್! ಮುಂದೆ ಹೋಗೋಣ” ಎನ್ನಬೇಕು. ಮಕ್ಕಳಿಗೆ ಉತ್ಸಾಹ ಬರುತ್ತದಂತೆ. ಆಯಿತೆಂದೆ. ಪಾಠಕ್ಕೊಂದರಂತೆ ‘ವೆರಿ ಗುಡ್’ ಹೇಳಿ ಹೇಳಿ ದವಡೆ ನೋವು ಬಂತು. ನಾನು ರೊಟ್ಟಿಯ ಉದಾಹರಣೆ ಕೊಟ್ಟಲ್ಲೆಲ್ಲ ಅವರು ಪಿಜ್ಜಾದ ಚಿತ್ರ ಹಾಕಿದರು. ಅಷ್ಟರಲ್ಲಿ ನನಗೆ ಜಗಳವಾಡುವ ಶಕ್ತಿ ಉಳಿದಿರಲಿಲ್ಲ.

ದಸರೆಗೆ ನನ್ನ ನಿವೃತ್ತಿ. ಅದಕ್ಕೆ ಮುಂಚೆ, ಮಳೆಗಾಲದಲ್ಲಿ ಒಂದು ದಿನ, ಡಿಜಿಟಲ್ ಪಾಠ ಹೇಗೆ ನಡೆದಿದೆ ನೋಡಿಕೊಂಡು ಬನ್ನಿ ಎಂದು ನನ್ನನ್ನೇ ಸನತ್‌ನಗರಕ್ಕೆ ಕಳಿಸಿದರು. ಎರಡು ಬಸ್ಸು ಬದಲಿಸಿ, ಕೆಸರು ತುಳಿದು, ಏದುಸಿರು ಬಿಡುತ್ತ ತರಗತಿಯ ಬಾಗಿಲಿಗೆ ಬಂದರೆ ಒಳಗೆ ನನ್ನದೇ ದನಿ. ಗೋಡೆಯ ಮೇಲೆ ನಾನು ಬಾಗಿಲಿಗಿಂತ ಎತ್ತರ ನಿಂತು ಪಿಜ್ಜಾ ಕತ್ತರಿಸುತ್ತಿದ್ದೆ. ಪಕ್ಕದಲ್ಲಿ ಸ್ವಪ್ನಾ ಎಂಬ ಹೊಸ ಹುಡುಗಿ ಕೂತಿದ್ದಳು. ಅವಳು ತೆಲುಗು ಓದಿದವಳು, ಪ್ಯಾನೆಲ್ ಹಚ್ಚುವುದು ಆರಿಸುವುದು ಮತ್ತು ಗಲಾಟೆ ಆಗದಂತೆ ನೋಡಿಕೊಳ್ಳುವುದು ಅವಳ ಕೆಲಸ. ನಾನು ಹೊರಗೇ ನಿಂತು ನನ್ನ ಸೀರೆಯ ನೆರಿಗೆ ಸರಿಯಿದೆಯೇ ಎಂದು ಸ್ಕ್ರೀನಿನಲ್ಲಿ ನೋಡಿಕೊಂಡೆ. ಹೆಂಗಸಿನ ಬುದ್ಧಿ, ಏನು ಮಾಡಲಿ.

“ಆರು ಭಾಗಿಸು ಅರ್ಧ, ಉತ್ತರ ಹನ್ನೆರಡು. ತಿಳೀತಾ?” ಎಂದಿತು ಗೋಡೆ.

ಮಕ್ಕಳೆಲ್ಲ ಹೂಂ ಎಂದರು. ಮೂರನೇ ಬೆಂಚಿನ ಒಂದು ಹುಡುಗಿ ಎದ್ದು ನಿಂತಳು. ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಸ್ಕ್ರೀನಿನಲ್ಲಿದ್ದ ನನ್ನ ಮುಖವನ್ನೇ ನೋಡುತ್ತ ಗಟ್ಟಿಯಾಗಿ, “ನೈ ಸಮಝಾ ಟೀಚರ್” ಎಂದಳು.

ಗೋಡೆಯ ಮೇಲಿನ ನಾನು ಬಾಯ್ತುಂಬ ನಕ್ಕೆ. “ವೆರಿ ಗುಡ್! ಮುಂದೆ ಹೋಗೋಣ.”

ಹುಡುಗಿ ಇನ್ನೂ ನಿಂತೇ ಇದ್ದಳು. ಪಾಠ ಮುಂದಕ್ಕೆ ಹೋಯಿತು. ಅವಳು ಕೂತು ಪಕ್ಕದವಳಿಗೆ, ನನ್ನ ತನಕ ಕೇಳುವ ಹಾಗೆ, “ಭಾಗ ಮಾಡಿದ್ರ ಕಡಿಮಿ ಆಗಬೇಕಲ್ಲ. ಹೆಚ್ಚ ಹೆಂಗಾತು?” ಎಂದು ಗೊಣಗಿದಳು. ನಮ್ಮ ಕಡೆಯ ಮಾತು. ಬಾಗಿಲಲ್ಲಿ ನಿಂತ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಒಂದು ‘ಇಲ್ಲ’ಕ್ಕಾಗಿ ಕಾದು ಕಾದು ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಪಾಳಿ ಇಲ್ಲದೆ, ಯಾರೂ ತಿವಿಯದೆ ಒಂದು ಮಗು ಎದ್ದು ಅದನ್ನು ಹೇಳಿದಾಗ ನಾನೇ ಅವಳಿಗೆ ನಕ್ಕು ಶಾಬಾಸ್ ಎಂದು ಮುಂದೆ ಹೋಗಿದ್ದೆ. ನಾಳೆಯೂ ಹೋಗುತ್ತೇನೆ. ನಾನು ನಿವೃತ್ತಳಾದ ಮೇಲೂ ಹೋಗುತ್ತಲೇ ಇರುತ್ತೇನೆ.

ಒಳಗೆ ಹೋದೆ. ನನ್ನನ್ನು ನಿಲ್ಲಿಸುವುದು ಹೇಗೆಂದು ನನಗೇ ಗೊತ್ತಾಗಲಿಲ್ಲ. ಸ್ವಪ್ನಾ ಬಂದು ಒತ್ತಿದಳು, ಗೋಡೆಯ ಮೇಲಿನವಳು ಬಾಯಿ ತೆರೆದುಕೊಂಡೇ ನಿಂತಳು. ಮಕ್ಕಳು ಅವಳನ್ನೂ ನನ್ನನ್ನೂ ತಿರುತಿರುಗಿ ನೋಡಿದರು. ಎರಡು ಜಡೆಯವಳ ಹೆಸರು ಅಂಬಿಕಾ, ಊರು ಆಳಂದದ ಕಡೆ. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಮಷಿನ್ ನಡೆಸುತ್ತಾನೆ. ನಾನು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಅವಳ ಕಣ್ಣು ಅಗಲವಾದವು.

“ನಿಮ್ಮವ್ವ ಆರು ರೊಟ್ಟಿ ಬಡದಾಳ. ಒಬ್ಬೊಬ್ರಿಗೆ ಅರ್ಧ ಅರ್ಧ ಕೊಟ್ರ ಎಷ್ಟು ಮಂದಿಗೆ ಆಕ್ಕೈತಿ?” ಎಂದೆ.

ಬೆರಳು ಮಡಚಿ, “ಹನ್ನೆರಡು ಮಂದಿಗೆ” ಎಂದಳು. ಆಮೇಲೆ ತಾನೇ ತಡೆದು, “ಅಂದ್ರ ಮಂದಿ ಹೆಚ್ಚಾತು. ರೊಟ್ಟಿ ಏನ ಹೆಚ್ಚಾಗಲಿಲ್ಲ” ಎಂದಳು.

“ಅಷ್ಟ ನೋಡವ್ವ,” ಎಂದೆ. ಅದನ್ನೇ ತೆಲುಗಿನಲ್ಲೂ ಹಿಂದಿಯಲ್ಲೂ ಇಡೀ ತರಗತಿಗೆ ಹೇಳಿದೆ. ಹಿಂದಿನಿಂದ ಸ್ವಪ್ನಾ ಮೆಲ್ಲಗೆ, “ನಾಕೂ ಇಪ್ಪುಡೇ ಅರ್ಥಮೈಂದಿ ಮೇಡಂ” ಎಂದಳು. ತನಗೂ ಈಗಲೇ ತಿಳಿಯಿತೆಂದು ಒಪ್ಪಿಕೊಂಡ ಅವಳ ಮೇಲೆ ಪ್ರೀತಿ ಹುಟ್ಟಿತು. ಗಂಟೆ ಹೊಡೆಯುವ ತನಕ ಉಳಿದ ಹೊತ್ತಿನಲ್ಲಿ ಅವರಿಗೆಲ್ಲ ದೇಸಾಯಿ ಮಾಸ್ತರರ ಪಾಳಿಯ ಕತೆ ಹೇಳಿ, ನೀವೂ ಹೀಗೇ ಪಾಳಿ ಹಚ್ಚಿಕೊಳ್ಳಿ ಎಂದೆ.

ಹೊರಡುವಾಗ ಅಂಬಿಕಾ ಬಾಗಿಲ ತನಕ ಬಂದಳು. “ನಾಳೆ ಯಾರ ಬರ್ತಾರ್ರೀ ಟೀಚರ್?” ಎಂದು ಗೋಡೆಯ ಕಡೆ ಗದ್ದ ತೋರಿಸಿ ಕೇಳಿದಳು. “ನೀವೋ, ಅದೋ?”

“ಅದು,” ಎಂದೆ.

ಆಯಿತೆಂದು ತಲೆಯಾಡಿಸಿ ಒಳಗೆ ಹೋದಳು. ಹಟ ಮಾಡಿದ್ದರೆ, ಮುಖ ಸಣ್ಣ ಮಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅಳು ಬಂತು.

ಆಮೇಲೆ ಕೆಲವು ವಾರ ನಾನು ಎಲ್ಲರ ತಲೆ ತಿಂದೆ. ಅಲ್ಲಿಗೊಬ್ಬ ಗಣಿತದ ಟೀಚರನ್ನು ಕೊಡಿ ಎಂದೆ. ಸಿಗುತ್ತಿಲ್ಲ ಎಂದರು. ವಾರಕ್ಕೆರಡು ದಿನ ನಾನೇ ಹೋಗುತ್ತೇನೆ ಎಂದೆ. ಇಲ್ಲಿಯ ಪಾಠ ಯಾರು ಮಾಡುತ್ತಾರೆ ಎಂದರು. ಕೋಆರ್ಡಿನೇಟರು ಸಮಾಧಾನದಿಂದ, “ಮೇಡಂ, ವಿಡಿಯೋ ಇದೆಯಲ್ಲ. ತಿಳಿಯದಿದ್ದರೆ ಮತ್ತೊಮ್ಮೆ ಹಾಕ್ಕೊಂಡು ನೋಡಲಿ” ಎಂದರು. ಮತ್ತೊಮ್ಮೆ ಹಾಕಿದರೆ ಮತ್ತೊಮ್ಮೆ ವೆರಿ ಗುಡ್ ಅನ್ನುತ್ತೇನೆ, ಅಷ್ಟೇ ತಾನೆ. ಕೊನೆಗೆ ಕೇಳಿದ್ದು ಒಂದೇ, ಆ ಒಂದು ಮಾತನ್ನಾದರೂ ಬದಲಿಸುತ್ತೇನೆ ಬಿಡಿ ಎಂದು. ನಿವೃತ್ತಿಯಾಗುವ ಮುದುಕಿಯ ಆಸೆ ಎಂದು ಒಪ್ಪಿದರು.

ಮತ್ತೆ ಅದೇ ಎಸಿ, ಅದೇ ಹಸಿರು ಪರದೆ. ಪ್ರತಿ ಪಾಠದಲ್ಲೂ ‘ತಿಳೀತಾ?’ ಎಂದ ಮೇಲೆ ಹೊಸದಾಗಿ ಹೇಳಿದೆ: “ತಿಳಿಯದಿದ್ದರೆ, ಇವತ್ತು ಪಾಳಿ ಯಾರದೋ ಅವರು ಎದ್ದು ಬಂದು ನನ್ನನ್ನು ಆರಿಸಿಬಿಡಿ. ಅಲ್ಲಿರುವ ಟೀಚರನ್ನು ಕೇಳಿ. ಅವರಿಗೂ ತಿಳಿಯದಿದ್ದರೆ ಅವರು ನನಗೆ ಫೋನ್ ಮಾಡಲಿ.” ನರೇಶ್ ಕ್ಯಾಮೆರಾ ನಿಲ್ಲಿಸಿ, “ವಿಡಿಯೋಲೋ ಎವರೂ ಆಫ್ ಚೇಯಂಡಿ ಅನಿ ಚೆಪ್ಪರು ಮೇಡಂ” ಎಂದು ತಲೆ ಕೆರೆದುಕೊಂಡ. ತನ್ನನ್ನು ಆರಿಸಿ ಎಂದು ಯಾವ ವಿಡಿಯೋದಲ್ಲೂ ಯಾರೂ ಹೇಳುವುದಿಲ್ಲವಂತೆ. ನಾನು ಹೇಳಿದ್ದೇನಲ್ಲ, ಕತ್ತರಿಸಬೇಡ ಮಗನೇ ಎಂದೆ. ಅವನು ಕತ್ತರಿಸಲಿಲ್ಲ. ಕೋಆರ್ಡಿನೇಟರು ಅದನ್ನು ಈವರೆಗೂ ಗಮನಿಸಿದ ಹಾಗಿಲ್ಲ. ಒಂದು ಪಾಠವನ್ನು ಪೂರ್ತಿ ಕೂತು ನೋಡುವ ತಾಳ್ಮೆ ಅವರಿಗೆಲ್ಲಿ ಬರಬೇಕು.

ಈಗ ನಾನು ಮನೆಯಲ್ಲಿದ್ದೇನೆ. ಶಾಲು ಹೊದಿಸಿ, ಗಡಿಯಾರ ಕೊಟ್ಟು ಕಳಿಸಿದ್ದಾರೆ. ಸನತ್‌ನಗರಕ್ಕೆ ಇನ್ನೂ ಟೀಚರ್ ಬಂದಿಲ್ಲ. ದಣಿವು ಹೋಗಲು ಒಂದು ವರ್ಷವಾದರೂ ಬೇಕು ಎಂದು ಲೆಕ್ಕ ಹಾಕಿದ್ದೆ. ಆದರೆ ಪಲ್ಯಕ್ಕೆ ಒಗ್ಗರಣೆ ಹಾಕುವ ಹೊತ್ತಿಗೆ ಫೋನು ಬರುತ್ತದೆ. “ಮೇಡಂ, ರೋಜೂ ಗೊಡವೇ” ಎಂದು ಸ್ವಪ್ನಾ ದೂರುತ್ತಾಳೆ. ನನ್ನನ್ನು ಆರಿಸಲು ನಾನು ತಾನು ಎಂದು ಮಕ್ಕಳು ದಿನವೂ ಜಗಳಾಡಿಕೊಂಡು ಓಡುತ್ತಾರಂತೆ. ಎಷ್ಟೋ ಸಲ ಈಗ ಅವಳೇ ಹೇಳಿಕೊಡುತ್ತಾಳೆ. ಆಗದ ದಿನ ಫೋನು. “ರಿಟೈರ್ ಆಗಿದ್ದು ಯಾರು, ನೀನೋ ನಾನೋ?” ಎಂದು ಯಜಮಾನರು ಗೊಣಗುತ್ತ ಬಂದು ಸೌಟು ಹಿಡಿಯುತ್ತಾರೆ.

ನಿನ್ನೆಯೂ ಬಂತು. ಕಿವಿಗೆ ಹಿಡಿದರೆ ಬೆಂಚು ಸರಿಸುವ ಸದ್ದು, ಪಿಸುಪಿಸು, ದೂರದಲ್ಲಿ ಗೋಡೆಯ ಮೇಲಿನ ನನ್ನ ದನಿ ತಿಳೀತಾ ಎಂದು ಕೇಳುತ್ತಿತ್ತು. ಯಾರೋ ದಡದಡ ಓಡಿದರು. ನನ್ನ ದನಿ ನಡುವೆಯೇ ನಿಂತಿತು.

“ಟೀಚರ್, ನಾನ್ರೀ, ಅಂಬಿಕಾ. ಇವತ್ತು ಪಾಳಿ ನಂದಲ್ರೀ. ಆದ್ರೂ ತಿಳಿಲಿಲ್ಲ.”

“ಎಲ್ಲಿಂದ ತಿಳಿಲಿಲ್ಲವ್ವ?”

“ಮೊದಲಿಂದ್ರೀ.”

ನಾನು ಒಲೆ ಸಣ್ಣಗೆ ಮಾಡಿ ಕುರ್ಚಿ ಎಳೆದುಕೊಂಡು ಕೂತೆ.